ಕಥೆಯ ಉಳಿದರ್ಧ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ವರ್ಷವೂ ನಮ್ಮನ್ನು ಆಗಾಗ ತರಬೇತಿಗೆ ಕಳಿಸುತ್ತಿದ್ದರು. ಎರಡು ದಿನದ ಶಿಬಿರ. ಊಟ ಚೆನ್ನಾಗಿರುತ್ತಿತ್ತು, ಊಟದ ನಂತರದ ಉಪನ್ಯಾಸದಲ್ಲಿ ನಿದ್ದೆಯೂ ಚೆನ್ನಾಗಿ ಬರುತ್ತಿತ್ತು. ನಿದ್ದೆ ಓಡಿಸಲು ಉಪನ್ಯಾಸಕರು ಹೇಳುತ್ತಿದ್ದ ಕಥೆಗಳಲ್ಲಿ ಬಾಬ್ ಹೂವರ್ ಎಂಬ ಅಮೆರಿಕದ ವಿಮಾನ ಚಾಲಕರ ಕಥೆಯೂ ಒಂದು. ನಾನು ಅದನ್ನು ಮೂರು ಸಲ ಕೇಳಿದ್ದೇನೆ, ಮೂವರು ಬೇರೆ ಬೇರೆ ಉಪನ್ಯಾಸಕರ ಬಾಯಲ್ಲಿ.

ಕಥೆ ಇಷ್ಟು. ಹೂವರ್ ಸ್ಯಾನ್ ಡಿಯಾಗೋದಲ್ಲಿ ವಿಮಾನ ಪ್ರದರ್ಶನ ಮುಗಿಸಿ ಲಾಸ್ ಏಂಜಲೀಸ್ ಕಡೆಗೆ ಹೊರಟರು. ನೆಲ ಬಿಟ್ಟು 300 ಅಡಿ ಏರಿದ್ದರೋ ಇಲ್ಲವೋ, ಎರಡೂ ಎಂಜಿನ್ ಕೈಕೊಟ್ಟವು. ಅವರಾದದ್ದಕ್ಕೆ ಹೇಗೋ ಕೆಳಗಿಳಿಸಿದರು. ವಿಮಾನ ಜಖಂ ಆಯಿತು, ಒಳಗಿದ್ದ ಮೂವರೂ ಉಳಿದರು. ನೋಡಿದರೆ, ಪೆಟ್ರೋಲ್ ತುಂಬಬೇಕಾದ ಟ್ಯಾಂಕಿಗೆ ನಿಲ್ದಾಣದ ಹುಡುಗ ಜೆಟ್ ವಿಮಾನದ ಇಂಧನ ತುಂಬಿಬಿಟ್ಟಿದ್ದ. ಹೂವರ್ ಮರಳಿ ಬಂದಾಗ ಆ ಹುಡುಗ ಅಳುತ್ತಾ ನಿಂತಿದ್ದ. ಅವರು ಬೈಯಲಿಲ್ಲ. ಹೆಗಲ ಮೇಲೆ ಕೈಯಿಟ್ಟು, ನೀನು ಇನ್ನೆಂದೂ ಈ ತಪ್ಪು ಮಾಡುವುದಿಲ್ಲ ಅಂತ ನನಗೆ ಗೊತ್ತು, ನಾಳೆ ನನ್ನ ಇನ್ನೊಂದು ವಿಮಾನವನ್ನು ನೀನೇ ಸಜ್ಜು ಮಾಡಬೇಕು ಎಂಬರ್ಥದ ಮಾತು ಹೇಳಿದರು.

ಇಲ್ಲಿಗೆ ಉಪನ್ಯಾಸಕರು ನಿಲ್ಲಿಸಿ ನಮ್ಮತ್ತ ನೋಡುತ್ತಿದ್ದರು. ತಪ್ಪು ಮಾಡಿದ ಕೈಕೆಳಗಿನವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಪಾಠ. ನಮಗೆ ಕೈಕೆಳಗೆ ಯಾರೂ ಇರಲಿಲ್ಲ, ಆದರೂ ತಲೆಯಾಡಿಸುತ್ತಿದ್ದೆವು.

ಆ ಮೂವರಲ್ಲಿ ಒಬ್ಬರು ಮುಂದೆ ನಮ್ಮ ಶಾಖೆಗೇ ವ್ಯವಸ್ಥಾಪಕರಾಗಿ ಬಂದರು. ಬಂದ ಮೂರನೆಯ ತಿಂಗಳಲ್ಲಿ ನಗದು ಕೌಂಟರಿನ ಹೊಸ ಹುಡುಗನೊಬ್ಬ ನೂರರ ನೋಟಿನ ಕಟ್ಟಿನ ಬದಲು ಐನೂರರ ಕಟ್ಟು ಕೊಟ್ಟುಬಿಟ್ಟ. 40,000 ರೂಪಾಯಿ ವ್ಯತ್ಯಾಸ. ಸಂಜೆ ಲೆಕ್ಕ ಕೂಡಲಿಲ್ಲ, ರಾತ್ರಿ ಒಂಬತ್ತರವರೆಗೂ ಎಣಿಸಿದೆವು, ಆ ಹುಡುಗನ ಮುಖ ನೋಡಲಾಗುತ್ತಿರಲಿಲ್ಲ. ಪುಣ್ಯಕ್ಕೆ ಹಣ ಪಡೆದವರು ಮರುದಿನ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ತಂದುಕೊಟ್ಟರು. ವ್ಯವಸ್ಥಾಪಕರು ಹುಡುಗನ ಹೆಗಲ ಮೇಲೆ ಕೈಯಿಡಲಿಲ್ಲ. ಮೆಮೊ ಕೊಟ್ಟರು. ಜೊತೆಗೆ, ನಗದು ಪಾವತಿಸುವಾಗ ಎಲ್ಲರೂ ಹೆಚ್ಚಿನ ಎಚ್ಚರ ವಹಿಸತಕ್ಕದ್ದು ಎಂದು ಒಂದು ಸುತ್ತೋಲೆ. ನಾವೆಲ್ಲ ಓದಿ ಸಹಿ ಮಾಡಿದೆವು. ಓದಿದೆವು ಎನ್ನುವುದು ಸ್ವಲ್ಪ ಹೆಚ್ಚಾಯಿತು, ಸಹಿ ಮಾಡಿದೆವು.

ಹೂವರ್ ಕಥೆ ನನ್ನ ತಲೆಯಲ್ಲಿ ಉಳಿದದ್ದು ಆ ದಿನದಿಂದ. ನಿವೃತ್ತಿಯ ನಂತರ ಬಿಡುವು ಸಿಕ್ಕಾಗ ಅದರ ಮೂಲ ಹುಡುಕಿದೆ. ಉಪನ್ಯಾಸಕರಿಗೆ ಅದು ಸಿಕ್ಕಿದ್ದು ಡೇಲ್ ಕಾರ್ನೆಗಿಯವರ ‘ಹೌ ಟು ವಿನ್ ಫ್ರೆಂಡ್ಸ್ ಅಂಡ್ ಇನ್‌ಫ್ಲುಯೆನ್ಸ್ ಪೀಪಲ್’ ಪುಸ್ತಕದಿಂದ ಇರಬೇಕು. ಆದರೆ ಕಾರ್ನೆಗಿ ತೀರಿಕೊಂಡದ್ದು 1955ರಲ್ಲಿ, ಘಟನೆ ನಡೆದದ್ದು ಅದಕ್ಕಿಂತ ಬಹಳ ಆಮೇಲೆ. 1981ರ ಪರಿಷ್ಕೃತ ಆವೃತ್ತಿ ಸಿದ್ಧಪಡಿಸಿದವರು ಅದನ್ನು ಸೇರಿಸಿದ್ದಾರೆ. ಅಲ್ಲಿ ಆ ವಿಮಾನವನ್ನು ಎರಡನೇ ಮಹಾಯುದ್ಧ ಕಾಲದ್ದು ಎಂದು ಬರೆದಿದೆ. ಅದು ತಪ್ಪು. ಅದು ಶ್ರೈಕ್ ಕಮಾಂಡರ್ ಎಂಬ ಎರಡು ಎಂಜಿನ್ನಿನ ಪುಟ್ಟ ವ್ಯಾವಹಾರಿಕ ವಿಮಾನ, ಯುದ್ಧ ಮುಗಿದ ಎಷ್ಟೋ ವರ್ಷಗಳ ನಂತರ ಬಂದದ್ದು. ಹೂವರ್ ಬಳಿ ಯುದ್ಧಕಾಲದ ಮಸ್ಟಾಂಗ್ ವಿಮಾನವೂ ಇತ್ತು, ಹಾಗಾಗಿ ಗೊಂದಲ. ಇಂಥ ಸಣ್ಣ ವ್ಯತ್ಯಾಸ ಕಂಡರೆ ಬಿಡದಿರುವುದು ನನ್ನ ಹಳೆಯ ಚಾಳಿ. ಆದರೆ ವಿಮಾನ ಯಾವುದು ಎನ್ನುವುದು ಇಲ್ಲಿ ಸಣ್ಣ ವಿಷಯವೂ ಅಲ್ಲ. ಆ ಹುಡುಗ ಏಕೆ ತಪ್ಪಿದ ಎಂಬ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಮೊದಲು ಹೂವರ್ ಯಾರು ಎಂದು ಹೇಳಿಬಿಡುತ್ತೇನೆ. 1922ರಲ್ಲಿ ಹುಟ್ಟಿದವರು. ಯುದ್ಧದಲ್ಲಿ ಸ್ಪಿಟ್‌ಫೈರ್ ಹಾರಿಸುತ್ತಿದ್ದಾಗ 1944ರಲ್ಲಿ ಶತ್ರುಗಳು ಹೊಡೆದುರುಳಿಸಿದರು, ಜರ್ಮನಿಯ ಸೆರೆಶಿಬಿರದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಳೆದರು. ಕೊನೆಗೆ ತಪ್ಪಿಸಿಕೊಂಡು, ಜರ್ಮನರದೇ ಒಂದು ಯುದ್ಧವಿಮಾನ ಹಾರಿಸಿಕೊಂಡು ಹಾಲೆಂಡ್ ಸೇರಿದರು. 1947ರ ಅಕ್ಟೋಬರ್ 14ರಂದು ಚಕ್ ಯೇಗರ್ ಶಬ್ದದ ವೇಗ ಮೀರಿ ಹಾರಿದಾಗ ಬೆಂಗಾವಲು ವಿಮಾನದಲ್ಲಿದ್ದವರು ಇವರು. ಆಮೇಲೆ ಪ್ರದರ್ಶನಗಳಲ್ಲಿ ಇದೇ ಶ್ರೈಕ್ ಕಮಾಂಡರ್‌ನ ಎರಡೂ ಎಂಜಿನ್‌ಗಳನ್ನು ಬೇಕೆಂದೇ ನಿಲ್ಲಿಸಿ, ಗಾಳಿಯಲ್ಲಿ ಲಾಗ ಹಾಕಿ, ಎಂಜಿನ್ ಇಲ್ಲದೆಯೇ ಇಳಿಸಿ, ಅದೇ ಓಟದಲ್ಲಿ ಜನರ ಮುಂದೆ ತಂದು ನಿಲ್ಲಿಸುತ್ತಿದ್ದರು. ವಿಮಾನ ಪೂರ್ತಿ ಮಗುಚಿ ಸುತ್ತುವಾಗ ಒಂದು ಕೈಯಲ್ಲಿ ಲೋಟಕ್ಕೆ ತಣ್ಣನೆಯ ಚಹಾ ಸುರಿದುಕೊಳ್ಳುತ್ತಿದ್ದರು, ಒಂದು ಹನಿ ಚೆಲ್ಲುತ್ತಿರಲಿಲ್ಲ. ಎಂಜಿನ್ ನಿಂತರೆ ಏನು ಮಾಡಬೇಕೆಂದು ಭೂಮಿಯ ಮೇಲೆ ಯಾರಿಗಾದರೂ ಗೊತ್ತಿದ್ದರೆ ಅದು ಅವರಿಗೆ. ಆ ಹುಡುಗನ ಅದೃಷ್ಟ ಅದು.

ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದಾ ಅಂತ ನನ್ನ ಮೊಮ್ಮಗ ಕೇಳುತ್ತಾನೆ. ಬೀಳುವುದಿಲ್ಲ. ರೆಕ್ಕೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ವಿಮಾನ ಜಾರುಬಂಡೆಯ ಮೇಲೆ ಇಳಿದಂತೆ ಮುಂದೆ ಹೋಗುತ್ತಾ ಇಳಿಯುತ್ತದೆ. ಜಗತ್ತಿನಲ್ಲಿ ಬಹಳ ಬಳಕೆಯಲ್ಲಿರುವ ಸೆಸ್ನಾ 172 ಎಂಬ ನಾಲ್ಕು ಆಸನದ ವಿಮಾನ 1 ಕಿಲೋಮೀಟರ್ ಎತ್ತರದಿಂದ ಸುಮಾರು 9 ಕಿಲೋಮೀಟರ್ ದೂರ ಹೀಗೆ ಜಾರಬಲ್ಲದು. ಅಷ್ಟರಲ್ಲಿ ಒಂದು ಹೊಲವೋ ರಸ್ತೆಯೋ ಸಿಕ್ಕೀತು. ಆದರೆ 300 ಅಡಿ ಎಂದರೆ 100 ಮೀಟರ್ ಕೂಡ ಇಲ್ಲ. ಕೈಯಲ್ಲಿ ಇರುವುದು ಅರ್ಧ ನಿಮಿಷವೂ ಅಲ್ಲ. ಹಿಂದಿರುಗಿ ಓಡುದಾರಿಗೆ ಬರುವ ಮಾತೇ ಇಲ್ಲ. ಹೂವರ್ ಮುಂದಿದ್ದ ಕೊರಕಲಿನೊಳಕ್ಕೆ ಇಳಿಸಿದರು.

ಈಗ ಇಂಧನದ ವಿಷಯ. ಬೆಂಗಳೂರಿನ ಜಕ್ಕೂರಿನಲ್ಲಿ ಪುಟ್ಟ ವಿಮಾನಗಳು ಏರಿಳಿಯುವುದನ್ನು ಬಳ್ಳಾರಿ ರಸ್ತೆಯಲ್ಲಿ ಹೋಗುವವರು ನೋಡಿರುತ್ತೀರಿ. ಮುಂದೆ ಪ್ರೊಪೆಲರ್ ತಿರುಗುವ ಅಂಥ ವಿಮಾನಗಳಲ್ಲಿ ಎರಡು ಜಾತಿ. ಒಂದರ ಒಳಗೆ ನಮ್ಮ ಸ್ಕೂಟರಿನ ಹಾಗೆ ಪಿಸ್ಟನ್, ಸ್ಪಾರ್ಕ್ ಪ್ಲಗ್ ಇರುವ ಪೆಟ್ರೋಲ್ ಎಂಜಿನ್. ಇನ್ನೊಂದರ ಒಳಗೆ ಟರ್ಬೈನ್. ಅದು ಜೆಟ್ ಎಂಜಿನ್ನಿನ ತಮ್ಮ, ಕುಡಿಯುವುದು ಜೆಟ್ ಇಂಧನ, ಅಂದರೆ ಶುದ್ಧ ಮಾಡಿದ ಸೀಮೆಎಣ್ಣೆ. ಹೊರಗಿನಿಂದ ನೋಡಿದರೆ ಎರಡಕ್ಕೂ ರೆಕ್ಕೆ, ಎರಡಕ್ಕೂ ಪ್ರೊಪೆಲರ್. ಶ್ರೈಕ್ ಕಮಾಂಡರ್ ಪೆಟ್ರೋಲಿನದು. ಅದೇ ಕಂಪನಿಯ, ಅದೇ ಮೈಕಟ್ಟಿನ ಟರ್ಬೋ ಕಮಾಂಡರ್ ಸೀಮೆಎಣ್ಣೆಯದು. ಅವಳಿ ಮಕ್ಕಳಲ್ಲಿ ಒಬ್ಬನಿಗೆ ಹಾಕಬೇಕಾದ ಔಷಧಿ ಇನ್ನೊಬ್ಬನಿಗೆ ಹಾಕಿದ ಹಾಗೆ ಆಯಿತು ಹುಡುಗ ಮಾಡಿದ್ದು.

ಪೆಟ್ರೋಲ್ ಎಂಜಿನ್ನಿಗೆ ಸೀಮೆಎಣ್ಣೆ ಹಾಕಿದರೆ ಏನಾಗುತ್ತದೆ ಎಂಬುದನ್ನು ನನ್ನ ವಯಸ್ಸಿನವರಿಗೆ ವಿವರಿಸಬೇಕಿಲ್ಲ. ಕಲಬೆರಕೆ ಪೆಟ್ರೋಲ್ ಕುಡಿದ ಸ್ಕೂಟರು ಹೊಗೆ ಬಿಟ್ಟು, ಕಟಕಟ ಸದ್ದು ಮಾಡಿ, ಏರು ಬಂದ ಕಡೆ ಸತ್ತುಹೋಗುವುದನ್ನು ಕಂಡಿದ್ದೇವೆ. ಕಲಬೆರಕೆ ಗೊತ್ತಾಗಲಿ ಎಂದೇ ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕುತ್ತಿದ್ದರು. ತಮಾಷೆಯೆಂದರೆ ವಿಮಾನದ ಲೋಕದಲ್ಲಿ ಇದು ತಿರುಗಾಮುರುಗಾ. ಈಗ ಪುಟ್ಟ ವಿಮಾನಗಳಿಗೆ ಹೆಚ್ಚಾಗಿ ಹಾಕುವ ಪೆಟ್ರೋಲ್ ನೀಲಿ, ಜೆಟ್ಟಿನ ಸೀಮೆಎಣ್ಣೆಗೆ ಬಣ್ಣ ಹಾಕುವುದಿಲ್ಲ. ಇನ್ನೊಂದು ಕ್ರೂರ ವಿಷಯ: ತಪ್ಪು ಇಂಧನ ತುಂಬಿದ ವಿಮಾನ ನೆಲದಲ್ಲೇ ಕೆಟ್ಟು ನಿಲ್ಲುವುದಿಲ್ಲ. ಕೊಳವೆಗಳಲ್ಲಿ ಉಳಿದಿರುವ ಒಳ್ಳೆಯ ಪೆಟ್ರೋಲಿನಿಂದ ಎಂಜಿನ್ ಶುರುವಾಗುತ್ತದೆ, ಓಡುದಾರಿಯ ತನಕ ಚೆನ್ನಾಗಿ ಹೋಗುತ್ತದೆ, ಏರುತ್ತದೆ ಕೂಡ. ಉಳಿಕೆ ಮುಗಿದು ಹೊಸದು ಬರುವ ಹೊತ್ತಿಗೆ ಚಕ್ರ ನೆಲ ಬಿಟ್ಟಿರುತ್ತದೆ.

ಉಪನ್ಯಾಸಕರು ಹೇಳದೆ ಬಿಟ್ಟ ಅರ್ಧ ಈಗ ಬರುತ್ತದೆ. ಆ ಹುಡುಗ ಇನ್ನು ತಪ್ಪು ಮಾಡಲಾರ, ಸರಿ. ಪಕ್ಕದ ನಿಲ್ದಾಣದ ಹುಡುಗ? ಮುಂದಿನ ವರ್ಷ ಕೆಲಸಕ್ಕೆ ಸೇರುವವನು? ಅವರೆಲ್ಲರ ಹೆಗಲ ಮೇಲೆ ಕೈಯಿಡಲು ಹೂವರ್ ಎಲ್ಲಿರುತ್ತಾರೆ? ಹಾಗಾಗಿ ಇಂಧನ ತುಂಬುವ ನಳಿಕೆಯ ಆಕಾರವನ್ನೇ ಬದಲಿಸುವ ಕೆಲಸಕ್ಕೆ ಅವರು ಒತ್ತಾಸೆಯಾದರು. ಜೆಟ್ ಇಂಧನದ ನಳಿಕೆಯ ತುದಿ ಬಾತುಕೋಳಿಯ ಕೊಕ್ಕಿನ ಹಾಗೆ ಚಪ್ಪಟೆ, ಅಗಲ. ಪೆಟ್ರೋಲ್ ವಿಮಾನದ ಟ್ಯಾಂಕಿನ ಬಾಯಿ ಕಿರಿದು; ಹಳೆಯ ವಿಮಾನವಾದರೆ ಬಾಯಿಗೆ ಒಂದು ಬಳೆ ತೊಡಿಸಿ ಕಿರಿದು ಮಾಡುವುದು. ಕೊಕ್ಕು ಒಳಗೆ ಹೋಗುವುದೇ ಇಲ್ಲ. ಅದನ್ನು ಇವತ್ತಿಗೂ ಹೂವರ್ ನಳಿಕೆ ಎಂದೇ ಕರೆಯುತ್ತಾರೆ. ಅಮೆರಿಕದ ನಿಯಮಪುಸ್ತಕದಲ್ಲೂ ಇಂಥ ಅಳತೆ ಬಂತು: ಪೆಟ್ರೋಲ್ ಮಾತ್ರ ಬಳಸುವ ಪುಟ್ಟ ವಿಮಾನದ ಟ್ಯಾಂಕಿನ ಬಾಯಿ 2.36 ಅಂಗುಲಕ್ಕಿಂತ ದೊಡ್ಡದಿರಬಾರದು, ಟರ್ಬೈನಿನದು 2.95ಕ್ಕಿಂತ ಚಿಕ್ಕದಿರಬಾರದು. ಈ ಎರಡು ಅಂಕಿಗಳ ನಡುವೆ ಅರ್ಧ ಅಂಗುಲಕ್ಕಿಂತ ಚೂರು ಹೆಚ್ಚು ಅಂತರ. ಹೆಗಲ ಮೇಲಿನ ಕೈಗಿಂತ ಈ ಅರ್ಧ ಅಂಗುಲ ಹೆಚ್ಚು ಜನರ ಜೀವ ಕಾದಿದೆ ಎಂದು ನನ್ನ ಅಂದಾಜು. ತರಬೇತಿ ಶಿಬಿರದಲ್ಲಿ ಹೇಳಲು ಕೈಯೇ ಚೆಂದ, ಅದನ್ನು ಒಪ್ಪುತ್ತೇನೆ.

ನಮ್ಮ ಬ್ಯಾಂಕಿನವರಿಗೆ ಇದು ಹೊಸದೇನಲ್ಲ. ಖಜಾನೆ ಕೋಣೆಯ ಬಾಗಿಲಿಗೆ ಎರಡು ಬೀಗದ ಕೈ, ಇಬ್ಬರ ಹತ್ತಿರ. ಒಬ್ಬನೇ ಬಾಗಿಲು ತೆರೆಯಬಾರದು ಎಂದು ಸುತ್ತೋಲೆ ಹೊರಡಿಸಿ ಬಿಟ್ಟಿಲ್ಲ. ಒಬ್ಬನಿಂದ ತೆರೆಯಲಾಗದ ಹಾಗೆ ಬಾಗಿಲನ್ನೇ ಮಾಡಿದ್ದಾರೆ. ಎಟಿಎಂ ಬಂದ ಹೊಸದರಲ್ಲಿ ಮೊದಲು ಹಣ, ಆಮೇಲೆ ಕಾರ್ಡು ಹೊರಗೆ ಬರುವ ಯಂತ್ರಗಳಿದ್ದವು. ಹಣ ಕೈಗೆ ಬಂದ ಮೇಲೆ ಕಾರ್ಡು ಯಾರಿಗೆ ನೆನಪು? ಜನ ಬಿಟ್ಟು ಹೋಗುತ್ತಿದ್ದರು. ಆಮೇಲೆ ಕ್ರಮ ತಿರುಗಿಸಿದರು: ಕಾರ್ಡು ತೆಗೆದುಕೊಂಡರೆ ಮಾತ್ರ ಹಣ. ಯಾರಿಗೂ ಬುದ್ಧಿ ಹೇಳಬೇಕಾಗಲಿಲ್ಲ. ನಮ್ಮ ಶಾಖೆಯ ನೋಟಿನ ಕಟ್ಟಿನ ವಿಷಯವನ್ನೂ ಸುತ್ತೋಲೆ ಸರಿ ಮಾಡಲಿಲ್ಲ. ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಕ್ಯಾಷಿಯರ್ ಒಬ್ಬರು ಸದ್ದಿಲ್ಲದೆ ಐನೂರರ ಕಟ್ಟುಗಳನ್ನು ಎಡಗಡೆಯ ಡ್ರಾಯರಿಗೂ ನೂರರದನ್ನು ಬಲಗಡೆಗೂ ಬೇರೆ ಮಾಡಿಸಿದರು. ಅಲ್ಲಿಯ ತನಕ ಎರಡೂ ಒಂದೇ ಡ್ರಾಯರಿನಲ್ಲಿ ಒತ್ತೊತ್ತಾಗಿ ಮಲಗಿದ್ದವು.

ಸುತ್ತೋಲೆ ಎಷ್ಟು ದೂರ ಕೆಲಸ ಮಾಡುತ್ತದೆ ಎಂಬುದಕ್ಕೆ ಆಕಾಶದಲ್ಲೇ ಒಂದು ಉದಾಹರಣೆ ಇದೆ. ಇದು ಪುಟ್ಟ ವಿಮಾನವಲ್ಲ, ಮೂರು ಎಂಜಿನ್ನಿನ ದೊಡ್ಡ ಟ್ರೈಸ್ಟಾರ್. 1983ರ ಮೇ 5ರಂದು ಈಸ್ಟರ್ನ್ ಏರ್‌ಲೈನ್ಸ್‌ನ 855ನೇ ವಿಮಾನ 172 ಜನರೊಂದಿಗೆ ಮಯಾಮಿಯಿಂದ ಬಹಾಮಾ ದ್ವೀಪಗಳ ನಸ್ಸೌಗೆ ಹೊರಟಿತ್ತು. ಹಿಂದಿನ ರಾತ್ರಿ ಇಬ್ಬರು ಮೆಕ್ಯಾನಿಕ್‌ಗಳು ಮೂರೂ ಎಂಜಿನ್‌ಗಳಲ್ಲಿ ಒಂದು ಚಿಕ್ಕ ಭಾಗ ಬದಲಿಸಿದ್ದರು. ಎಂಜಿನ್ ಆಯಿಲಿನಲ್ಲಿ ಲೋಹದ ಚೂರು ಬಂದರೆ ಹಿಡಿದುಕೊಳ್ಳುವ ಅಯಸ್ಕಾಂತದ ಬಿರಡೆ ಅದು. ಅದಕ್ಕೆ ರಬ್ಬರಿನ ಉಂಗುರ ತೊಡಿಸದಿದ್ದರೆ ಆಯಿಲ್ ಸೋರುತ್ತದೆ. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಇದ್ದಂತೆ ಅಂದುಕೊಳ್ಳಿ. ಮಾಮೂಲಾಗಿ ಉಂಗುರ ತೊಡಿಸಿದ ಬಿರಡೆಗಳೇ ಮೇಲ್ವಿಚಾರಕರ ಕಪಾಟಿನಲ್ಲಿ ಸಿಗುತ್ತಿದ್ದವು. ಆ ರಾತ್ರಿ ಕಪಾಟು ಖಾಲಿ. ಉಗ್ರಾಣದಿಂದ ತಂದರು. ಅವುಗಳಿಗೆ ಬಳಕೆಗೆ ಯೋಗ್ಯ ಎಂಬ ಚೀಟಿ ಇತ್ತು, ಉಂಗುರ ಇರಲಿಲ್ಲ. ಕತ್ತಲಲ್ಲಿ, ಕೈಯಂದಾಜಿನಲ್ಲಿ ಜೋಡಿಸಿದರು.

ಬೆಳಗ್ಗೆ ಸಮುದ್ರದ ಮೇಲೆ ಮೊದಲು ಮಧ್ಯದ ಎಂಜಿನ್ನಿನ ಆಯಿಲ್ ಒತ್ತಡ ಇಳಿಯಿತು, ಅದನ್ನು ನಿಲ್ಲಿಸಿ ಮಯಾಮಿಗೆ ತಿರುಗಿದರು. ದಾರಿಯಲ್ಲಿ ಉಳಿದೆರಡೂ ಒಂದರ ಹಿಂದೆ ಒಂದು ನಿಂತವು. ಸುಮಾರು 13,000 ಅಡಿಯಿಂದ 4,000 ಅಡಿಯವರೆಗೆ ಅಷ್ಟು ದೊಡ್ಡ ವಿಮಾನ ಎಂಜಿನ್ನಿಲ್ಲದೆ ಜಾರಿತು. ಪ್ರಯಾಣಿಕರು ಜೀವರಕ್ಷಕ ಅಂಗಿ ತೊಟ್ಟು ನೀರಿಗೆ ಇಳಿಯಲು ಸಿದ್ಧರಾಗಿ ಕೂತಿದ್ದರು. ಕೊನೆಗೆ, ಮೊದಲು ತಾವೇ ನಿಲ್ಲಿಸಿದ್ದ ಮಧ್ಯದ ಎಂಜಿನ್ ಮತ್ತೆ ಹೊತ್ತಿಕೊಂಡಿತು. ಅದೊಂದರ ಮೇಲೆ ಮಯಾಮಿ ತಲುಪಿದರು. ಯಾರಿಗೂ ಏನೂ ಆಗಲಿಲ್ಲ.

ತನಿಖೆಯ ವಿವರದಲ್ಲಿ ನನ್ನ ಕಣ್ಣು ನಿಂತದ್ದು ಎರಡು ಕಡೆ. ಆ ಕಂಪನಿಯಲ್ಲಿ ಅದಕ್ಕೆ ಮುಂಚೆಯೇ ಇದೇ ಬಿರಡೆ, ಇದೇ ಉಂಗುರದ ತೊಂದರೆಯ 12 ಪ್ರಸಂಗಗಳು ನಡೆದಿದ್ದವು. ಕಂಪನಿ ಸೂಚನೆಗಳನ್ನು ಹೊರಡಿಸಿತ್ತು, ಹೊಸ ಉಂಗುರ ಹಾಕಬೇಕು ಎಂದು ಕೆಲಸದ ಕಾರ್ಡಿನಲ್ಲೇ ಅಚ್ಚು ಹಾಕಿಸಿತ್ತು. ಎರಡನೆಯದು, ಆ ಕಾರ್ಡಿನಲ್ಲಿ ಕೆಲಸ ಆಯಿತೆಂದು ಸಹಿ ಬಿದ್ದಿತ್ತು. ಸುಳ್ಳು ಹೇಳಬೇಕೆಂದು ಹಾಕಿದ ಸಹಿಯಲ್ಲ. ಉಂಗುರ ಯಾವತ್ತೂ ಇದ್ದೇ ಇರುತ್ತದೆ ಎಂಬ ನಂಬಿಕೆಯ ಸಹಿ. ನಮ್ಮ ಸುತ್ತೋಲೆಯ ಕೆಳಗೆ ಬಿದ್ದ ಸಹಿಗಳೂ ಅಂಥವೇ. ಈಗ ಸಾಗರ ದಾಟಿ ದೂರ ಹಾರುವ ವಿಮಾನಗಳ ವಿಷಯದಲ್ಲಿ, ಒಂದೇ ಕೆಲಸವನ್ನು ಒಂದೇ ಹೊತ್ತಿನಲ್ಲಿ ಎಲ್ಲ ಎಂಜಿನ್‌ಗಳಿಗೂ ಒಬ್ಬನೇ ಮೆಕ್ಯಾನಿಕ್ ಮಾಡದಂತೆ ನೋಡಿಕೊಳ್ಳುವ ಪದ್ಧತಿ ಇದೆ. ಖಜಾನೆಯ ಎರಡು ಬೀಗದ ಕೈ, ಮತ್ತೇನು.

ಹಾಗಾದರೆ ಆಕಾರ ಬದಲಿಸಿದರೆ ಮುಗಿಯಿತೇ? ಹಾಗೆಂದು ಬರೆದು ಮುಗಿಸಬೇಕೆಂದಿದ್ದೆ. ಅಷ್ಟರಲ್ಲಿ ಕೊಕೊಮೊದ ವರದಿ ಸಿಕ್ಕಿತು.

ಕೊಕೊಮೊ ಅಮೆರಿಕದ ಇಂಡಿಯಾನಾ ರಾಜ್ಯದ ಚಿಕ್ಕ ಊರು. 2019ರ ಅಕ್ಟೋಬರ್ 5ರಂದು ಅಲ್ಲಿಗೆ ಪೈಪರ್ ಏರೋಸ್ಟಾರ್ ಎಂಬ ಪುಟ್ಟ ವಿಮಾನ ಬಂತು. ಎರಡು ಎಂಜಿನ್, ಎರಡೂ ಪೆಟ್ರೋಲಿನವು, ಆದರೆ ಚೂಪು ಮೂತಿಯ ನಾಜೂಕು ಮೈಕಟ್ಟು. ಇಂಧನ ತುಂಬುವ ನೌಕರನ ಕಣ್ಣಿಗೆ ಅದು ಜೆಟ್ಟಿನಂತೆ ಕಂಡಿತು. ಜೆಟ್ ಇಂಧನ ಬೇಕೇ ಎಂದು ಕೇಳಿದೆ, ಚಾಲಕರು ಹೌದೆಂದರು ಎಂದು ಆತ ತನಿಖೆಯಲ್ಲಿ ಹೇಳಿದ. ಜೆಟ್ ಇಂಧನದ ಟ್ಯಾಂಕರ್ ತಂದು ನಿಲ್ಲಿಸಿದ. ಅದರ ನಳಿಕೆ ಬೇರೆ ಆಕಾರದ್ದು. ಟ್ಯಾಂಕಿನ ಬಾಯಿಯೊಳಗೆ ಹೋಗಲಿಲ್ಲ. ಹೋಗಬಾರದೆಂದೇ ಅದನ್ನು ಹಾಗೆ ಮಾಡಿರುವುದು. ಆತ ನಳಿಕೆಯನ್ನು ಅಡ್ಡ ತಿರುಗಿಸಿ, ಬಾಯಿಯ ಮೇಲೆ ಹಿಡಿದು ಸುರಿದ. ಮೊದಲು ಸುಮಾರು ಒಂದು ಗ್ಯಾಲನ್ ಚೆಲ್ಲಿತು. ಆಮೇಲೆ ಕೈ ಸರಿ ಕೂತಿತು. ವಿಮಾನ ಮೇಲೇರಿದ ಕೆಲವೇ ನಿಮಿಷಕ್ಕೆ ಹೊಲವೊಂದರಲ್ಲಿ ಬಿತ್ತು. ಚಾಲಕರು ಒಬ್ಬರೇ ಇದ್ದರು, ತೀರಿಕೊಂಡರು. ಅವರು ಹೂವರ್ ಆಗಿರಲಿಲ್ಲ. ಯಾರು ತಾನೇ ಹೂವರ್ ಆಗಿರುತ್ತಾರೆ?

ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಚೆಲ್ಲಿದ ಆ ಒಂದು ಗ್ಯಾಲನ್ ಕಣ್ಣ ಮುಂದೆಯೇ ಇತ್ತು. ಆ ಮನುಷ್ಯ ಸೋಮಾರಿಯಲ್ಲ, ಕುಡುಕನಲ್ಲ. ಕಷ್ಟಪಟ್ಟು ತುಂಬಿದ್ದಾನೆ! ಬ್ಯಾಂಕಿನಲ್ಲಿ ಇಂಥದನ್ನು ಬೇರೆ ರೂಪದಲ್ಲಿ ಕಂಡಿದ್ದೇನೆ. ದಿನದ ಕೊನೆಗೆ ಲೆಕ್ಕ ಕೂಡುವುದಿಲ್ಲ. ಕೂಡದಿರುವುದೇ ಒಂದು ಸುದ್ದಿ, ಎಲ್ಲೋ ಏನೋ ಆಗಿದೆ ಎಂದು ಲೆಡ್ಜರು ಕೂಗಿ ಹೇಳುತ್ತಿರುತ್ತದೆ. ಆದರೆ ಕೊನೆಯ ಬಸ್ಸಿಗೆ ಹೊತ್ತಾದ ಜಾಣನೊಬ್ಬ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಕೂಡಿಸಿಯೇ ಬಿಡುತ್ತಾನೆ. ನಳಿಕೆ ಹಿಡಿಸದಿದ್ದರೆ ಅಡ್ಡ ಹಿಡಿಯುವುದು ಎಂದರೆ ಇದೇ. ಕೆಲವು ಹೆಲಿಕಾಪ್ಟರುಗಳು ಟರ್ಬೈನಿನವಾದರೂ ಅವುಗಳ ಟ್ಯಾಂಕಿನ ಬಾಯಿ ಕಿರಿದು. ಅವಕ್ಕಾಗಿ ಇಂಧನದವರು ಅಗಲ ಕೊಕ್ಕನ್ನು ಕಳಚಿ ದುಂಡು ತುದಿ ಹಾಕಿಕೊಳ್ಳುವುದೂ ಉಂಟಂತೆ. ಮತ್ತೆ ಕೊಕ್ಕು ಹಾಕಲು ಮರೆತರೆ ಅಲ್ಲಿಗೆ ಅರ್ಧ ಅಂಗುಲದ ಕಾವಲು ಮುಗಿಯಿತು.

ಹೂವರ್ 2016ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಒಂದು ಶ್ರೈಕ್ ಕಮಾಂಡರ್ ವಾಷಿಂಗ್ಟನ್ ಬಳಿಯ ಸ್ಮಿತ್‌ಸೋನಿಯನ್ ವಿಮಾನ ಸಂಗ್ರಹಾಲಯದಲ್ಲಿದೆ. ಆ ಹುಡುಗ ಮುಂದೆ ಏನಾದ ಎಂದು ನನ್ನ ಮೊಮ್ಮಗ ಕೇಳಿದ. ಯಾವ ಪುಸ್ತಕದಲ್ಲೂ ಅವನ ಹೆಸರು ಹಾಕಿಲ್ಲ, ಅದು ಒಳ್ಳೆಯದೇ ಆಯಿತು ಎಂದೆ.

ಪುಟ್ಟ ವಿಮಾನದ ಚಾಲಕರು ಹಾರುವ ಮುನ್ನ ಮಾಡುವ ಒಂದು ಕೆಲಸವನ್ನು ಅವನಿಗೆ ತೋರಿಸಿಕೊಟ್ಟೆ, ಅಡುಗೆಮನೆಯ ಗಾಜಿನ ಲೋಟದಲ್ಲಿ ಬರೀ ನೀರು ಹಿಡಿದು. ರೆಕ್ಕೆಯ ಕೆಳಗೆ ಒಂದು ಪುಟ್ಟ ತೂಬು ಇರುತ್ತದೆ. ಪಾರದರ್ಶಕ ಬಟ್ಟಲನ್ನು ಅದಕ್ಕೆ ಒತ್ತಿದರೆ ಟ್ಯಾಂಕಿನ ತಳದ ಇಂಧನ ಒಂದಿಷ್ಟು ಬೀಳುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ: ತಳದಲ್ಲಿ ನೀರು ನಿಂತಿದೆಯೇ, ಕಸವಿದೆಯೇ, ನೀಲಿ ಬಣ್ಣ ಸರಿಯಾಗಿದೆಯೇ. ಮೂಸಿಯೂ ನೋಡುತ್ತಾರೆ. ಬಣ್ಣ ತೆಳುವಾಗಿ ಕಂಡು ಅನುಮಾನ ಬಂದರೆ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಹಾಕಿ ಕಾಯುತ್ತಾರೆ. ಪೆಟ್ರೋಲಾದರೆ ಆರಿಹೋಗುತ್ತದೆ. ಸೀಮೆಎಣ್ಣೆ ಬೆರೆತಿದ್ದರೆ ಬೋಂಡ ಕಟ್ಟಿದ ಕಾಗದದಲ್ಲಿ ಉಳಿಯುವಂಥ ಜಿಡ್ಡಿನ ಕಲೆ ಉಳಿಯುತ್ತದೆ.